ಒಂದೂ ತಿರುವಿಲ್ಲದ ರಸ್ತೆ

ಚಾಚಕ್,
೧೬ ಸೆಪ್ಟೆಂಬರ್ ೨೦೧೮

ಗೊರ್ದಾನಾ,

ಫೋನ್ ಮಾಡಿದರೆ ನೀನು ಮಾತಿನ ನಡುವೆಯೇ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಹರಿದು ಹಾಕಬೇಕೆಂದರೂ ಮೊದಲು ಒಡೆಯಬೇಕು, ಒಡೆದ ಮೇಲೆ ಕಣ್ಣು ಸುಮ್ಮನಿರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಪ್ರೀತಿಗಲ್ಲ.

ಕಳೆದ ಭಾನುವಾರ ನನ್ನ ಪುಣ್ಯಕ್ಕೆ ಉರೋಷ್ ಫೋನ್ ಎತ್ತಿದ. "ಅಜ್ಜಿ, ನಾವು ಕಾಂಗರೂ ನೋಡಕ್ಕೆ ಹೋಗ್ತೀವಿ. ವಿಮಾನದಲ್ಲಿ ಎರಡು ಸಲ ಮಲ್ಕೋಬೇಕಂತೆ. ಆಮೇಲೆ ಅಮ್ಮ ಗಾಡಿ ಓಡಿಸ್ತಾಳೆ, ಒಳಗಡೆ ಹಾಸಿಗೆ ಇರೋ ಗಾಡಿ" ಎಂದ. ಎಷ್ಟು ದಿನ ಎಂದು ಕೇಳುವಷ್ಟರಲ್ಲಿ ನೀನು ಫೋನ್ ಕಿತ್ತುಕೊಂಡೆ. ನನ್ನ ಮೊಮ್ಮಕ್ಕಳು ಭೂಮಿಯ ಆಚೆ ಬದಿಗೆ ಹೋಗುವ ಸುದ್ದಿ ನನಗೆ ನಾಲ್ಕು ವರ್ಷದ ಮಗುವಿನ ಬಾಯಿಂದ ತಿಳಿಯಬೇಕಾಯಿತು. ನಾನು ಯಾರು, ಹಾದಿಯಲ್ಲಿ ಹೋಗುವವಳು ತಾನೆ.

ಕೆಳಗಿನ ಮನೆಯ ರದೊಯ್ಕಾಳ ಅಳಿಯ ಕಂಪ್ಯೂಟರಿನಲ್ಲಿ ನೋಡಿ ಹೇಳಿದ, ಬೆಲ್‌ಗ್ರೇಡಿನಿಂದ ಆಸ್ಟ್ರೇಲಿಯಾಕ್ಕೆ ಕಾಯುವುದೂ ಸೇರಿ ಇಪ್ಪತ್ತಾರು ಗಂಟೆಯಂತೆ. ಎರಡು ಹೆಜ್ಜೆ ನಡೆದರೆ "ಎತ್ಕೋ" ಅನ್ನುವ ಹುಡುಗನನ್ನು ಇಪ್ಪತ್ತಾರು ಗಂಟೆ ಎಲ್ಲಿ ಕೂರಿಸುತ್ತೀಯೋ ನಾನು ಕಾಣೆ.

ಡಿಸೆಂಬರ್ ಹತ್ತೊಂಬತ್ತು ನಮ್ಮ ಮನೆಸಂತ ನಿಕೋಲಾನ ದಿನ. ನನ್ನ ಮಗ ಪ್ರೆದ್ರಾಗ್ ತೀರಿಹೋಗಿಯೂ ಆವತ್ತಿಗೆ ಎರಡು ವರ್ಷ. ಮನೆಸಂತ ತಂದೆಯಿಂದ ಮಗನಿಗೆ ಇಳಿದು ಬರುವವನು. ನನ್ನ ಗಂಡನಿಂದ ನನ್ನ ಮಗನಿಗೆ ಬಂದ, ಅವನಿಂದ ಉರೋಷನಿಗೆ ಬಂದಿದ್ದಾನೆ. ಹಬ್ಬದ ರೊಟ್ಟಿಯನ್ನು ತಿರುಗಿಸಿ ಮುರಿಯುವ ಕೈ ಇನ್ನು ಆ ಮಗುವಿನದು. ಕಳೆದ ವರ್ಷ ನೀನು ಮಗುವಿಗೆ ಜ್ವರ ಎಂದೆ. ಈ ವರ್ಷ ಕಾಂಗರೂ.

ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ ಎಂದು ನಿನಗೆ ಗೊತ್ತು. ನೆನಪಿದ್ದವರು ತಾವಾಗಿ ಬರುತ್ತಾರೆ, ನೆನಪಿಲ್ಲದವರನ್ನು ಕರೆದು ಏನು ಪ್ರಯೋಜನ. ಆದ್ದರಿಂದ ನಾನು ಕರೆಯುತ್ತಿಲ್ಲ, ನೆನಪಿಸುತ್ತಿದ್ದೇನೆ.

ಒಂದು ಮಾತು ನೇರವಾಗಿ ಕೇಳುತ್ತೇನೆ. ನಿನ್ನ ಅಣ್ಣ ತಿಹೊಮಿರ್ ಆರು ತಿಂಗಳಿಗೆಂದು ಅಲ್ಲಿಗೆ ಹೋದವನು, ಹದಿನೇಳು ವರ್ಷವಾಯಿತು. ನೀನು ಮಕ್ಕಳನ್ನು ವಾಪಸು ಕರೆತರುತ್ತೀಯೋ ಇಲ್ಲವೋ?

ಪ್ರೆದ್ರಾಗನ ತಾಯಿ,
ಮಿಲುಂಕಾ


ಪಾಂಚೆವೊ,
೨೭ ಸೆಪ್ಟೆಂಬರ್ ೨೦೧೮

ಅತ್ತೆಯವರಿಗೆ,

ನಿಮ್ಮ ಕಾಗದ ಒಡೆದೆ. ಹರಿಯಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಇದು.

ಡಿಸೆಂಬರ್ ಐದಕ್ಕೆ ಹೊರಡುತ್ತೇವೆ, ಜನವರಿ ಇಪ್ಪತ್ತಕ್ಕೆ ಬರುತ್ತೇವೆ. ದುನ್ಯಾಳ ಶಾಲೆಯಲ್ಲಿ ಹೇಳಿದ್ದೇನೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಸಂಬಳವಿಲ್ಲದ ರಜೆ ಕೊಟ್ಟಿದ್ದಾರೆ. ಅಡಿಲೇಡಿನಲ್ಲಿ ಅಣ್ಣನ ಮನೆ, ಅಲ್ಲಿಂದ ಅವನ ಗಾಡಿಯಲ್ಲಿ ಪರ್ತ್ ಎಂಬ ಊರಿಗೆ ಎರಡು ಸಾವಿರದ ಏಳುನೂರು ಕಿಲೋಮೀಟರು. ಅಣ್ಣನಿಗೆ ಕೆಲಸವಿದೆ, ಅವನು ಬರುವುದಿಲ್ಲ. ಬರುತ್ತೇನೆಂದಿದ್ದರೂ ನಾನು ಬೇಡ ಎನ್ನುತ್ತಿದ್ದೆ. ನನಗೆ ಲೈಸೆನ್ಸ್ ಬಂದು ಹದಿನಾಲ್ಕು ತಿಂಗಳಾಯಿತು. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ನೀವೂ ಕೇಳಿರಲಿಲ್ಲ.

ಯಾಕೆ ಅಷ್ಟು ದೂರ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನಮ್ಮ ಅಡುಗೆಮನೆಯ ಗೋಡೆಯ ಮೇಲೆ ನಿಮ್ಮ ಮಗ ಆ ದೇಶದ ಭೂಪಟ ಅಂಟಿಸಿದ್ದ. ಅದರಲ್ಲಿ ಒಂದು ಕಡೆ ಕೆಂಪು ಪೆನ್ಸಿಲಿನ ಗೆರೆ. ನೂರೈವತ್ತು ಕಿಲೋಮೀಟರಿನಷ್ಟು ಒಂದೂ ತಿರುವಿಲ್ಲದ ರಸ್ತೆ. ವಾರಕ್ಕೆ ಐದು ದಿನ ಈಬರ್ ಹೆದ್ದಾರಿಯ ತಿರುವುಗಳಲ್ಲಿ ಲಾರಿ ಓಡಿಸಿ ಬಂದು, ಸಾರು ಕುಡಿಯುತ್ತಾ ಆ ಗೆರೆಯನ್ನೇ ನೋಡುತ್ತಿದ್ದ. "ಗೊರ್ದಾನಾ, ಅಲ್ಲಿ ಸ್ಟಿಯರಿಂಗ್ ಹಿಡ್ಕೊಂಡು ಕೂತ್ರೆ ಸಾಕು, ಎದುರಿಗೆ ಬರೋನು ಅರ್ಧ ಗಂಟೆ ಮುಂಚೆ ಕಾಣ್ತಾನೆ" ಎನ್ನುತ್ತಿದ್ದ.

ಅವನು ಹೋದದ್ದು ಅದೇ ಈಬರ್ ಹೆದ್ದಾರಿಯ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ಇದ್ದರು ಎಂದು ನಿಮಗೆ ನೆನಪಿಸಬೇಕಿಲ್ಲ. ದುನ್ಯಾ ಈಗಲೂ ಕಾರಿನಲ್ಲಿ ನನ್ನ ಸೀಟಿನ ಹಿಂಬದಿಯನ್ನು ಎರಡು ಕೈಯಿಂದ ಹಿಡಿದೇ ಕೂರುತ್ತಾಳೆ. ತಿರುವು ಬಂದರೆ ಕಣ್ಣು ಮುಚ್ಚುತ್ತಾಳೆ. ಅಕ್ಕನನ್ನು ನೋಡಿ ಉರೋಷನೂ ಮುಚ್ಚುತ್ತಾನೆ. ಎಂಟು ವರ್ಷದ ಹುಡುಗಿ ಕಣ್ಣು ಬಿಟ್ಟು ಕಾರಿನಲ್ಲಿ ಕೂರುವುದನ್ನು ಕಲಿಯಬೇಕು. ಅದಕ್ಕೆ ನನಗೆ ತಿಳಿದ ರಸ್ತೆ ಅದೊಂದೇ.

ಹಬ್ಬದ ವಿಷಯ. ಆ ದಿನ ಆ ಮೇಜಿನ ಮುಂದೆ ನನ್ನ ಮಕ್ಕಳನ್ನು ಕೂರಿಸಲಾರೆ. ಯಾಕೆಂದು ಕೇಳಬೇಡಿ, ಕೇಳಿದರೆ ಹೇಳಬೇಕಾಗುತ್ತದೆ. ಇನ್ನು ಕರೆಯದ ಪದ್ಧತಿ. ಒಂದು ಮೆಟ್ಟಿಲೂ ಕೆಳಗಿಳಿಯಲು ಮನಸ್ಸಿಲ್ಲದವರಿಗೆ ಅದು ಬಹಳ ಅನುಕೂಲದ ಪದ್ಧತಿ, ಅತ್ತೆ.

ವಾಪಸು ಬರುತ್ತೇನೆಯೇ ಎಂದು ಕೇಳಿದಿರಿ. ನಿಮಗೆ ಹೆದರಿಕೆಯಾಗಿದೆ ಎಂದು ಗೊತ್ತಾಗಿ ನನಗೆ ಸಂತೋಷವಾಯಿತು. ಇದಕ್ಕಿಂತ ಬೇರೆ ಉತ್ತರ ಈಗ ಕೊಡಲಾರೆ.

ಗೊರ್ದಾನಾ


ಚಾಚಕ್,
೨೦ ಅಕ್ಟೋಬರ್ ೨೦೧೮

ಗೊರ್ದಾನಾ,

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿನ್ನ ಕಾಲ ಬಂದಿದೆ, ಅನುಭವಿಸು. ಮುದುಕಿ ಹೆದರಿದಳೆಂದು ಸಂತೋಷಪಡುವವಳನ್ನು ನಾನು ಈ ಅರವತ್ತೇಳು ವರ್ಷದಲ್ಲಿ ನೋಡಿರಲಿಲ್ಲ. ಈಗ ನೋಡಿದೆ.

ರದೊಯ್ಕಾಳ ಅಳಿಯ ಇನ್ನೂ ಒಂದು ಸುದ್ದಿ ಹೇಳಿದ. ಆ ದೇಶದಲ್ಲಿ ರಸ್ತೆಯ ತಪ್ಪು ಬದಿಯಲ್ಲಿ ಗಾಡಿ ಓಡಿಸುತ್ತಾರಂತೆ, ಎಡಗಡೆಯಲ್ಲಿ. ಇಲ್ಲಿ ಸರಿಯಾದ ಬದಿಯಲ್ಲಿ ಹದಿನಾಲ್ಕು ತಿಂಗಳು ಓಡಿಸಿದವಳು ಅಲ್ಲಿ ತಪ್ಪು ಬದಿಯಲ್ಲಿ ಎರಡು ಸಾವಿರದ ಏಳುನೂರು ಓಡಿಸುತ್ತಾಳೆ. ಅಂಬೆಗಾಲಿಡುವ ಮೊದಲೇ ಹಗ್ಗದ ಮೇಲಿನ ನಡಿಗೆ. ತಿರುವಿಲ್ಲದ ರಸ್ತೆ ಒಳ್ಳೆಯದೆಂದು ಯಾರು ಹೇಳಿದರು ನಿನಗೆ? ತಿರುವಿದ್ದರೆ ಓಡಿಸುವವನು ಎಚ್ಚರವಾಗಿರುತ್ತಾನೆ. ನೇರ ರಸ್ತೆ ಜೋಗುಳ ಹಾಡುತ್ತದೆ. ನನ್ನ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವರು, ಇದು ಅವರ ಮಾತು.

ನೀನು ಕೇಳುವುದಿಲ್ಲವೆಂದು ಗೊತ್ತು, ಆದರೂ ಬರೆಯುತ್ತೇನೆ. ವಿಮಾನದಲ್ಲಿ ತಲೆಯ ಮೇಲೊಂದು ತೂತಿರುತ್ತದಂತೆ, ಅದರಿಂದ ಗಾಳಿ ಸುರಿಯುತ್ತದಂತೆ. ಅದನ್ನು ಮುಚ್ಚಿಸು. ಮಕ್ಕಳಿಗೆ ಮನೆಚಪ್ಪಲಿ ತೊಡಿಸು, ಬರಿಗಾಲಲ್ಲಿ ವಿಮಾನದ ನೆಲ ತುಳಿಸಬೇಡ. ಗಾಡಿಯಲ್ಲಿ ಎರಡು ಕಡೆಯ ಕಿಟಕಿಯನ್ನೂ ಒಟ್ಟಿಗೆ ತೆಗೆಯಬೇಡ. ಅಡ್ಡಗಾಳಿ ಒಂದು ಸಲ ಕಿವಿಗೆ ಹೊಕ್ಕರೆ ವೈದ್ಯರಿಗೂ ತೆಗೆಯಲಾಗುವುದಿಲ್ಲ. ನೀನು ನಗುತ್ತಿದ್ದೀಯ ಎಂದು ಗೊತ್ತು. ನಗು. ಈ ಮನೆಯಲ್ಲಿ ಬಾಗಿಲು ಕಿಟಕಿ ಒಟ್ಟಿಗೆ ತೆರೆದದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಇಲ್ಲಿ ಯಾರಿಗೂ ಕಿವಿನೋವೂ ಬಂದಿಲ್ಲ.

ಮಕ್ಕಳನ್ನು ಸೀಟಿಗೆ ಬೆಲ್ಟಿನಿಂದ ಬಿಗಿಯುವುದನ್ನು ಮಾತ್ರ ಮರೆಯಬೇಡ. ಹಿಂದೆ ಆ ಸೀಟುಗಳನ್ನು ನೋಡಿ, ಮಕ್ಕಳೋ ಕುದುರೆಗಳೋ ಎಂದು ನಾನು ಆಡಿಕೊಂಡಿದ್ದೆ. ಈಗ ಆಡಿಕೊಳ್ಳುವುದಿಲ್ಲ.

ಈ ಪಾರ್ಸಲಿನಲ್ಲಿ ಎರಡು ಉಣ್ಣೆಯ ತೋಳಿಲ್ಲದ ಅಂಗಿಗಳಿವೆ. ಒಳಗೆ ಬಟ್ಟೆಯ ಅಸ್ತರಿ ಹಾಕಿ ಹೊಲಿದಿದ್ದೇನೆ. ವಿಮಾನ ಹತ್ತುವಾಗ ತೊಡಿಸು, ಇಳಿಯುವ ತನಕ ಬಿಚ್ಚಬೇಡ. ನಾನು ಹೊಲಿದ ಬಟ್ಟೆ ನಿನ್ನ ಕಣ್ಣಿಗೆ ಎಂದೂ ಹಿಡಿಸಿಲ್ಲ. ಆದರೆ ತೊಡುವವಳು ನೀನಲ್ಲ.

ಪ್ರೆದ್ರಾಗನ ತಾಯಿ,
ಮಿಲುಂಕಾ


ಪಾಂಚೆವೊ,
೧೨ ನವೆಂಬರ್ ೨೦೧೮

ಅತ್ತೆಯವರಿಗೆ,

ಅಂಗಿಗಳು ತಲುಪಿದವು. ದುನ್ಯಾಳದು ಸ್ವಲ್ಪ ಬಿಗಿ. ನೀವು ಅವಳನ್ನು ನೋಡಿ ಒಂದೂವರೆ ವರ್ಷವಾಗಿದೆ, ಅಳತೆ ತಪ್ಪುವುದು ಸಹಜ. ಉರೋಷ್ ತನ್ನದನ್ನು ಮಲಗುವಾಗಲೂ ಬಿಚ್ಚುತ್ತಿಲ್ಲ. "ಇದ್ರಲ್ಲಿ ಅಜ್ಜಿ ವಾಸನೆ ಇದೆ" ಎನ್ನುತ್ತಾನೆ. ಏನೋ ಮುಗ್ಗು ವಾಸನೆ ಇದೆ ನಿಜ, ನಿಮ್ಮ ಬೀರುವಿನದಿರಬೇಕು ಎಂದುಕೊಂಡೆ.

ಹೊರಡುವ ತನಕ ಇನ್ನು ಬರೆಯಬೇಡಿ. ನನಗೆ ಸಾಕಷ್ಟು ಕೆಲಸವಿದೆ.

ಗೊರ್ದಾನಾ


ಅಡಿಲೇಡ್,
೮ ಡಿಸೆಂಬರ್ ೨೦೧೮

ಅತ್ತೆ,

ಬಂದಿಳಿದೆವು. ಆದರೆ ಕುಶಲ ತಿಳಿಸಲು ಬರೆಯುತ್ತಿಲ್ಲ.

ಮೊದಲು ವಿಮಾನದ ಕಥೆ. ಎರಡನೆಯ ಗಂಟೆಯಲ್ಲಿ ಉರೋಷ್ ಪಕ್ಕದಲ್ಲಿ ಕೂತಿದ್ದವರ ಬಿಳಿ ಅಂಗಿಯ ಮೇಲೆ ವಾಂತಿ ಮಾಡಿದ. ಅವರು ಮದುವೆಗೆ ಹೊರಟಿದ್ದವರು. ಮೂರನೆಯ ಗಂಟೆಯಲ್ಲಿ ವಿಮಾನ ಒಂದು ಕಡೆಗೆ ವಾಲಿತು. ದುನ್ಯಾ "ತಿರುಗ್ತಾ ಇದೆ, ತಿರುಗ್ತಾ ಇದೆ" ಎಂದು ಕಿರುಚಿಕೊಂಡು ಮುಂದಿನ ಸೀಟನ್ನು ಹಿಡಿದಳು. ಆ ಸೀಟಿನಲ್ಲಿದ್ದ ಹೆಂಗಸಿನ ಕೂದಲೂ ಸೇರಿ ಅವಳ ಮುಷ್ಟಿಗೆ ಬಂತು. ದೋಹಾದಲ್ಲಿ ಏಳು ಗಂಟೆ ಕಾಯುವಾಗ ಉರೋಷ್ ನೀವು ಹೇಳಿದ ಮನೆಚಪ್ಪಲಿಯ ಒಂದು ಕಾಲನ್ನು ಕಳೆದುಕೊಂಡ. ಅದಿಲ್ಲದೆ ಎರಡನೆಯ ವಿಮಾನ ಹತ್ತುವುದಿಲ್ಲ ಎಂದು ನೆಲದ ಮೇಲೆ ಮಲಗಿದ. ಅವನನ್ನು ಮೂಟೆಯ ಹಾಗೆ ಹೊತ್ತೊಯ್ದೆ. ಆಮೇಲೆ ಹನ್ನೆರಡು ಗಂಟೆ. ಒಬ್ಬರು ಮಲಗಿದರೆ ಇನ್ನೊಬ್ಬರು ಏಳುತ್ತಿದ್ದರು. ಇಷ್ಟೆಲ್ಲ ಆದರೂ ನಾನು ಒಂದು ಸಲವೂ ಅಳಲಿಲ್ಲ.

ಇಳಿಯುವ ಮೊದಲು ಒಂದು ಚೀಟಿ ಕೊಡುತ್ತಾರೆ. ತಿನ್ನುವ ವಸ್ತು, ಬೀಜ, ಗಿಡ, ಬೇರು ಏನಾದರೂ ತಂದಿದ್ದೀರಾ ಎಂದು ಅದರಲ್ಲಿ ಕೇಳುತ್ತಾರೆ. ನಾನು ಇಲ್ಲ ಎಂದು ಗುರುತು ಹಾಕಿ ಸಹಿ ಮಾಡಿದೆ. ಹೊರಗೆ ಬರುವಾಗ ತಪಾಸಣೆಯ ಒಂದು ನಾಯಿ ಬಂದು ಉರೋಷನನ್ನು ಮೂಸಿ ಅವನ ಮುಂದೆ ಕೂತಿತು. ಉರೋಷ್ ಅದನ್ನು ತಬ್ಬಿಕೊಂಡ. "ಅಮ್ಮ, ಇದಕ್ಕೆ ನಾನು ಇಷ್ಟ" ಎಂದ. ಅಧಿಕಾರಿಗಳು ಅವನ ಚೀಲ ನೋಡಿದರು, ನನ್ನ ಚೀಲ ನೋಡಿದರು, ಏನೂ ಸಿಗಲಿಲ್ಲ. ನಾಯಿ ಎದ್ದು ದುನ್ಯಾಳ ಮುಂದೆ ಹೋಗಿ ಕೂತಿತು.

ಕೊನೆಗೆ ಒಬ್ಬ ಹೆಂಗಸು ಕತ್ತರಿ ತಂದು ನೀವು ಹೊಲಿದ ಅಸ್ತರಿಯನ್ನು ಕತ್ತರಿಸಿದಳು. ಬೆಳ್ಳುಳ್ಳಿಯ ಎಸಳು. ಹಬ್ಬದ ಗೋಧಿ, ಒಂದು ಹಿಡಿ. ದೇವರ ಮುಂದಿಟ್ಟು ಒಣಗಿಸಿದ ಕಾಮಕಸ್ತೂರಿಯ ಕಡ್ಡಿ, ಬೀಜದ ಸಮೇತ. ಎರಡು ಅಂಗಿಯಲ್ಲೂ. ಆ ಮೇಜಿನ ಮೇಲೆ ಅವಳು ಒಂದೊಂದನ್ನೇ ಇಡುತ್ತಿದ್ದರೆ ನಾನು ಕಳ್ಳಿಯ ಹಾಗೆ ನಿಂತಿದ್ದೆ. ಉರೋಷ್ "ಅಜ್ಜೀದು, ಅಜ್ಜೀದು, ಕೊಡಿ" ಎಂದು ಇಡೀ ಕಟ್ಟಡ ಕೇಳುವ ಹಾಗೆ ಅತ್ತ.

ಒಂದು ಕೋಣೆಯಲ್ಲಿ ಮೂರು ಗಂಟೆ ಕೂರಿಸಿದರು. ಸುಳ್ಳು ಬರೆದವರನ್ನು ಬಂದ ವಿಮಾನದಲ್ಲೇ ವಾಪಸು ಕಳಿಸಬಹುದು ಎಂದರು. ಕೊನೆಗೆ ದಂಡ ಹಾಕಿ, ಎಚ್ಚರಿಕೆ ಕೊಟ್ಟು ಬಿಟ್ಟರು. ಅವರದೇನೂ ತಪ್ಪಿಲ್ಲ.

ನಿಮಗೆ ಬೇಕಿದ್ದದ್ದೂ ಅದೇ ಅಲ್ಲವೇ? ನಾನು ಬಾಗಿಲಿನಿಂದಲೇ ಹಿಂದಿರುಗಬೇಕು, ಹತ್ತೊಂಬತ್ತರಂದು ನಿಮ್ಮ ಮೇಜಿನ ಮುಂದೆ ಮಕ್ಕಳು ಕೂರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹಾಗಾದರೆ ಕೇಳಿ. ಆ ಮೇಜಿನ ಮುಂದೆ ಮಕ್ಕಳನ್ನು ಯಾಕೆ ಕೂರಿಸುವುದಿಲ್ಲ ಎಂದು ಈಗ ಹೇಳುತ್ತೇನೆ. ಅಂದು ನಿಮ್ಮ ಮಗನ ಲೋಟಕ್ಕೆ ರಕಿಯಾ ಸಾರಾಯಿ ತುಂಬಿಸಿದವರು ನೀವು. "ಒಂದೇ ಒಂದು, ಸಂತನ ಹೆಸರಿಗೆ" ಎಂದು. ನಾನು ಎಣಿಸಿದ್ದೇನೆ, ಮೂರು. ಗಾಡಿ ಓಡಿಸುವವನಿಗೆ ಬೇಡ ಎಂದು ನಾನು ಹೇಳಿದಾಗ, "ನನ್ನ ಮಗ ನಿನಗಿಂತ ಮುಂಚೆ ನನಗೆ ಗೊತ್ತು" ಎಂದಿರಿ. ಎರಡು ವರ್ಷ ಆ ಮಾತನ್ನು ನುಂಗಿಕೊಂಡು ಬದುಕಿದ್ದೇನೆ. ಇನ್ನು ನುಂಗುವುದಿಲ್ಲ.

ಅಣ್ಣ ಇಲ್ಲೇ ಇದ್ದುಬಿಡು ಎನ್ನುತ್ತಿದ್ದಾನೆ. ಯೋಚಿಸುತ್ತಿದ್ದೇನೆ.

ಗೊರ್ದಾನಾ


ಚಾಚಕ್,
೨೭ ಡಿಸೆಂಬರ್ ೨೦೧೮

ಗೊರ್ದಾನಾ,

ನಿನ್ನ ಕಾಗದ ಹದಿನೆಂಟನೆಯ ತಾರೀಕು ಬಂತು. ಒಲೆಯ ಮೇಲೆ ಹಬ್ಬದ ಗೋಧಿ ಬೇಯುತ್ತಿತ್ತು. ಓದಿ ಮುಗಿಸುವಷ್ಟರಲ್ಲಿ ತಳ ಹಿಡಿಯಿತು. ಹಿಡಿದದ್ದನ್ನೇ ಬಂದವರಿಗೆ ಕೊಟ್ಟೆ, ತಿಂದರು.

ಬೆಳ್ಳುಳ್ಳಿ ದೃಷ್ಟಿಗೆ. ಪ್ರೆದ್ರಾಗನಿಗೆ ಏಳು ವರ್ಷವಾಗುವ ತನಕ ಅವನ ಅಂಗಿಯಲ್ಲಿ ಹೊಲಿದಿದ್ದೆ, ನನ್ನ ಅತ್ತೆ ನನ್ನ ಗಂಡನಿಗೆ ಹೊಲಿದಿದ್ದರು. ಗೋಧಿ ಮನೆಸಂತನದು, ದಾರಿಯಲ್ಲಿರುವವರನ್ನು ಕಾಯುವವನು ಅವನೇ. ಹೇಳಿದ್ದರೆ ನೀನು ಬಿಚ್ಚಿ ಕಸಕ್ಕೆ ಹಾಕುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ಒಂದು ಎಸಳು ಬೆಳ್ಳುಳ್ಳಿಗೆ ನಾಯಿ ಬಿಡುವ ದೇಶವಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನಿನ್ನನ್ನು ವಾಪಸು ಕಳಿಸಬೇಕೆಂದು ನಾನು ಮನಸ್ಸು ಮಾಡಿದ್ದರೆ ಅರ್ಧ ಹಂದಿಯನ್ನೇ ಹೊಲಿದು ಕಳಿಸುತ್ತಿದ್ದೆ.

ಹಬ್ಬದ ದಿನ ಇಪ್ಪತ್ತಮೂರು ಜನ ಬಂದರು, ಯಾರನ್ನೂ ಕರೆದಿರಲಿಲ್ಲ. ಪಾದ್ರಿಗಳು ರೊಟ್ಟಿ ಹಿಡಿದುಕೊಂಡು, "ಮನೆ ಯಜಮಾನ ಎಲ್ಲಿ?" ಎಂದು ಕೇಳಿದರು. ಮಗುವಿಗೆ ಜ್ವರ ಎಂದೆ. ಕಳೆದ ವರ್ಷ ನೀನು ಹೇಳಿದ್ದ ಸುಳ್ಳನ್ನು ಈ ವರ್ಷ ನಾನು ಹೇಳಿದೆ. ಪಾದ್ರಿಗಳು ಇನ್ನೊಂದು ಕೈಗಾಗಿ ಸುತ್ತ ನೋಡಿದರು. ಕೊನೆಗೆ ರದೊಯ್ಕಾಳ ಅಳಿಯ ಬಂದು ಹಿಡಿದ. ನನ್ನ ಮನೆಯ ರೊಟ್ಟಿಯನ್ನು ಕೆಳಗಿನ ಮನೆಯ ಅಳಿಯ ಮುರಿದ. ಇದನ್ನು ಓದಿಯೂ ಸಂತೋಷಪಡು.

ಇನ್ನು ಲೋಟದ ಮಾತು. ಅವನು ಮೂವತ್ತಾರು ವರ್ಷದ ಗಂಡಸು. ಲೋಟ ಅವನ ಕೈಯಲ್ಲಿತ್ತು, ಸೀಸೆ ಅವನ ಮುಂದಿತ್ತು. ನಾನು ಬಾಯಿಗೆ ಸುರಿದೆನೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ನನ್ನ ಸರದಿ, ಕೇಳು. ಅವನು, "ಅಮ್ಮ, ಇವತ್ತು ಇಲ್ಲೇ ಇದ್ದು ನಾಳೆ ಬೆಳಿಗ್ಗೆ ಹೊರಡ್ತೀವಿ" ಎಂದಿದ್ದ. ಹಾಸಿಗೆ ಹಾಕಿದ್ದೆ, ಮಕ್ಕಳಿಗೆ ದಿಂಬೂ ಇಟ್ಟಿದ್ದೆ. "ನಾನು ಈ ಮನೇಲಿ ಇನ್ನೊಂದು ರಾತ್ರಿ ಇರಲ್ಲ, ಈಗ್ಲೇ ಹೋಗೋಣ" ಎಂದು ಮಕ್ಕಳಿಗೆ ಕೋಟು ತೊಡಿಸಲು ಶುರು ಮಾಡಿದವಳು ಯಾರು? ಅವನನ್ನು ರಸ್ತೆಗಿಳಿಸಿದ್ದು ನನ್ನ ಲೋಟವಲ್ಲ, ನಿನ್ನ ನಾಲಿಗೆ.

ಇದ್ದುಬಿಡುವುದಾದರೆ ಇರು. ಮಕ್ಕಳ ಒಂದು ಫೋಟೋ ಕಳಿಸು, ಅಷ್ಟೇ ಕೇಳುವುದು.

ಮಿಲುಂಕಾ


ಪಾಂಚೆವೊ,
೧೧ ಫೆಬ್ರವರಿ ೨೦೧೯

ಅತ್ತೆಯವರಿಗೆ,

ಹೇಳಿದ್ದ ದಿನಕ್ಕೆ ಬಂದೆವು. ಅಣ್ಣ ವಿಮಾನ ನಿಲ್ದಾಣದ ತನಕ "ಇರು" ಎಂದ. ಯಾಕೆ ಇರಲಿಲ್ಲ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ನಿಮ್ಮ ಸಲುವಾಗಿ ಬಂದೆ ಎಂದುಕೊಳ್ಳಬೇಡಿ.

ನಿಮ್ಮ ಕಾಗದ ಅಣ್ಣನ ಮನೆಯಲ್ಲಿ ನನ್ನ ಕೈಸೇರಿತು. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಇದರ ಜೊತೆ ದುನ್ಯಾಳ ಕಾಗದ ಇಟ್ಟಿದ್ದೇನೆ. ಅವಳು ದಾರಿಯಲ್ಲಿ ಬರೆದು ಅಂಚೆಗೆ ಹಾಕು ಎಂದು ಕೊಟ್ಟಿದ್ದಳು. ಏಳು ವಾರ ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಅದರಲ್ಲಿ ನನ್ನ ಬಗ್ಗೆ ಒಂದು ಮಾತಿದೆ, ಅದನ್ನು ಹೊಡೆದುಹಾಕಬಹುದಿತ್ತು. ಹಾಕಿಲ್ಲ. ಇನ್ನೊಂದು ಮಾತು ನನಗೆ ಅರ್ಥವಾಗಲಿಲ್ಲ. ಕೇಳಿದರೆ ಅವಳು ಹೇಳುವುದಿಲ್ಲ.

ಫೋಟೋ ಕೇಳಿದ್ದಿರಿ, ಒಂದು ಇಟ್ಟಿದ್ದೇನೆ.

ಗೊರ್ದಾನಾ


(ಜೊತೆಗಿದ್ದ ಕಾಗದ)

ರಸ್ತೆ ಪಕ್ಕದ ಪೆಟ್ರೋಲ್ ಬಂಕ್,
೧೯ ಡಿಸೆಂಬರ್ ೨೦೧೮

ಪ್ರೀತಿಯ ಅಜ್ಜಿಗೆ,

ಇವತ್ತು ನಲವತ್ತಮೂರು ಡಿಗ್ರಿ ಬಿಸಿಲು. ಇಲ್ಲಿ ಮರವೇ ಇಲ್ಲ. ನೊಣಗಳು ಮೂಗಿನೊಳಗೆ ಹೋಗುತ್ತವೆ. ಉರೋಷ್ ಒಂದನ್ನು ನುಂಗಿದ. ಕಾಂಗರೂ ನೋಡಿದೆವು, ಆದರೆ ಹೆಚ್ಚಿನವು ರಸ್ತೆ ಬದಿಯಲ್ಲಿ ಸತ್ತು ಬಿದ್ದಿದ್ದವು. ಉರೋಷನಿಗೆ ಅವು ಮಲಗಿವೆ ಎಂದು ಹೇಳಿದ್ದೇವೆ.

ಬೆಳಿಗ್ಗೆ ಅಪ್ಪನ ರಸ್ತೆ ಬಂತು. ಕೆಂಪು ಗೆರೆಯದು. ಅದು ನಿಜವಾಗಲೂ ಎಲ್ಲೂ ತಿರುಗುವುದಿಲ್ಲ ಅಜ್ಜಿ. ಅಮ್ಮ, "ಈಗ ಕಣ್ಣು ಬಿಡು" ಅಂದಳು. ಮೊದಲು ಒಂದು ಕಣ್ಣು ಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಆಮೇಲೆ ಅಮ್ಮನ ಸೀಟು ಬಿಟ್ಟೆ. ನನ್ನ ಕೈ ಬೆವರಿತ್ತು, ಆದರೆ ಬಿಟ್ಟೆ.

ಆಮೇಲೆ ಅಮ್ಮ ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ಇವತ್ತು ಏನು ದಿನ ಅಂತ ನಾನು ಕೇಳಿರಲಿಲ್ಲ, ನನಗೆ ಗೊತ್ತಿತ್ತು. ಉರೋಷ್ ಕೇಳಿದ, "ಅಜ್ಜಿ ಈಗ ರೊಟ್ಟಿ ಮಾಡ್ತಿರ್ತಾರಾ?" ಅಂತ. ಅಮ್ಮ ಎದ್ದು ಬ್ರೆಡ್ ತಂದಳು. ಚೌಕದ ಬ್ರೆಡ್, ಅದು ತಿರುಗಿಸಲು ಸರಿಯಾಗಿ ಬರುವುದಿಲ್ಲ. ಹಿಂದಿನ ಬಂಕಿನಲ್ಲಿ ಹುಟ್ಟುಹಬ್ಬದ ಮೇಣದಬತ್ತಿ ಮಾತ್ರ ಸಿಕ್ಕಿತ್ತು. ಗಾಳಿಗೆ ಆರಿಹೋಗುತ್ತಿತ್ತು ಅಂತ ನಾನು ಟೋಪಿ ಹಿಡಿದೆ. ಉರೋಷ್ ಮತ್ತು ಅಮ್ಮ ಬ್ರೆಡ್ ತಿರುಗಿಸಿ ಮುರಿದರು. ವೈನ್ ಬದಲು ದ್ರಾಕ್ಷಿ ರಸ ಹಾಕಿದೆವು. ಅಮ್ಮನಿಗೆ ಪ್ರಾರ್ಥನೆ ಪೂರ್ತಿ ಬರುತ್ತೆ ಅಜ್ಜಿ, ಮರೆತಿದ್ದೀನಿ ಅಂತ ಸುಳ್ಳು ಹೇಳುತ್ತಿದ್ದಳು.

ಯಾರಾದರೂ ಬಂದರೆ ಅಂತ ಉರೋಷ್ ಒಂದು ತುಂಡು ಎತ್ತಿಟ್ಟ. ಇಲ್ಲಿ ಯಾರು ಬರುತ್ತಾರೆ ಅಂತ ನಾನು ನಕ್ಕೆ. ಆದರೆ ಬಂದರು. ಒಂದು ರೈಲಿನಷ್ಟು ಉದ್ದದ ಲಾರಿ ಬಂದು ನಿಂತಿತು. ಗಾಡಿ ಕೆಟ್ಟಿದೆ ಅಂತ ಆ ಲಾರಿ ಮಾಮ ಅಂದುಕೊಂಡಿದ್ದರು. ಉರೋಷ್ ಅವರಿಗೆ ಬ್ರೆಡ್ ಕೊಟ್ಟ. ಕರೆಯದೆ ಬಂದವರು, ಅಂದರೆ ಸರಿಯಾದ ಅತಿಥಿ. ಯಾರ ಹುಟ್ಟುಹಬ್ಬ ಅಂತ ಕೇಳಿದರು. ಅಮ್ಮ, ಇವರಪ್ಪನ ಮನೆಯ ಹಬ್ಬ ಅಂದಳು. ಅಪ್ಪ ಎಲ್ಲಿ ಅಂದರು. ಅಮ್ಮ ಮೇಣದಬತ್ತಿ ತೋರಿಸಿದಳು. ಅವರು ಟೋಪಿ ತೆಗೆದು ಪೂರ್ತಿ ತುಂಡು ತಿಂದು ಹೋದರು.

ಆಮೇಲೆ ಅಮ್ಮ ಗಾಡಿಯ ನೆರಳಲ್ಲಿ ಕೂತು ತುಂಬಾ ಅತ್ತಳು. "ಅಪ್ಪ ನಾಳೆ ಹೋಗೋಣ ಅಂದಿದ್ರು ದುನ್ಯಾ, ನಾನೇ ಕೇಳಲಿಲ್ಲ" ಅಂದಳು. ನನಗೆ ಅದು ಮೊದಲೇ ಗೊತ್ತಿತ್ತು. ಅವತ್ತು ನಾನು ಕೋಟು ಹಾಕಿಸಿಕೊಂಡು ಮುಗಿಸಿ ಅಪ್ಪನನ್ನು ಕರೆಯಲು ಒಳಗೆ ಬಂದಿದ್ದೆನಲ್ಲ. ನನಗೆ ಇನ್ನೊಂದೂ ಗೊತ್ತು ಅಜ್ಜಿ, ಅಡುಗೆಮನೆಯದು. ಅದನ್ನು ಅಮ್ಮನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ನೀವು ಹೆದರಬೇಡಿ.

ಅಂಗಿಯನ್ನು ಅವರು ಕತ್ತರಿಸಿದ್ದರು, ಅಮ್ಮ ಮತ್ತೆ ಹೊಲಿದುಕೊಟ್ಟಿದ್ದಾಳೆ.

ನಿಮ್ಮ ಮೊಮ್ಮಗಳು,
ದುನ್ಯಾ


ಚಾಚಕ್,
೩೦ ನವೆಂಬರ್ ೨೦೧೯

ಗೊರ್ದಾನಾ,

ಒಂಬತ್ತು ತಿಂಗಳು ಬರೆಯಲಿಲ್ಲ. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ಮರುದಿನವೇ ಬರೆಯುತ್ತಿದ್ದೆ. ಎಷ್ಟು ಸಲ ಶುರು ಮಾಡಿ ಒಲೆಗೆ ಹಾಕಿದೆನೋ ಗೊತ್ತಿಲ್ಲ.

ದುನ್ಯಾ ಹೇಳದೆ ಉಳಿಸಿಕೊಂಡಿರುವ ಮಾತನ್ನು ನಾನು ಹೇಳುತ್ತೇನೆ. ನೀನು ಮೂರು ಲೋಟ ಎಂದೆ. ಮೂರಲ್ಲ, ನಾಲ್ಕು. ನೀನು ಹೊರಕೋಣೆಯಲ್ಲಿ ಉರೋಷನಿಗೆ ಕೋಟು ತೊಡಿಸುತ್ತಿದ್ದಾಗ ನಾನು ಅವನನ್ನು ಅಡುಗೆಮನೆಗೆ ಕರೆದೆ. ಅವನು, "ಸಾಕಮ್ಮ, ಗಾಡಿ ಓಡಿಸ್ಬೇಕು" ಎಂದ. ನಿನ್ನ ಮೇಲಿನ ಹಟಕ್ಕೆ ನಾನು ಸುರಿದೆ. "ಹೆಂಡ್ತಿ ಮಾತು ಕೇಳಿ ತಾಯಿ ಕೊಟ್ಟಿದ್ದನ್ನ ಬೇಡ ಅಂತೀಯಾ?" ಎಂದೆ. ಅವನು ನಿಂತುಕೊಂಡೇ ಕುಡಿದ. ನೋಡಿದರೆ ಬಾಗಿಲಲ್ಲಿ ದುನ್ಯಾ ಕೋಟು ತೊಟ್ಟು ನಿಂತಿದ್ದಳು.

ಆ ಮಗು ಮೂರು ವರ್ಷದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ನನಗೆ, ಹೆದರಬೇಡಿ ಎಂದು ಬರೆದಿದ್ದಾಳೆ. ಒಂದು ಮಗು ನನ್ನ ಮಾನ ಕಾಯುತ್ತಾ ಕಾರಿನಲ್ಲಿ ಕಣ್ಣು ಮುಚ್ಚಿ ಕೂರುವುದು ಬೇಡ. ಅವಳಿಗೆ ಹೇಳು, ಅಜ್ಜಿ ತಾನೇ ಹೇಳಿದಳು ಎಂದು. ಇನ್ನು ಅವಳು ಅದನ್ನು ಕಾಯಬೇಕಾಗಿಲ್ಲ.

ನಿನ್ನನ್ನು ನಾನು ಕ್ಷಮಿಸಿದೆ ಎಂದು ಬರೆಯಲಾರೆ, ನೀನೂ ನನಗೆ ಹಾಗೆ ಬರೆಯಬೇಡ. ನಾವಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಡುವ ವಯಸ್ಸು ದಾಟಿದ್ದೇವೆ. ನಿನ್ನ ನಾಲಿಗೆ ನನಗೆ ಈಗಲೂ ಸೇರುವುದಿಲ್ಲ. ನೀನು ಕಳಿಸಿದ ಫೋಟೋದಲ್ಲಿ ಗಾಡಿಯ ಎರಡು ಕಡೆಯ ಕಿಟಕಿಯೂ ತೆರೆದಿದೆ, ಅದನ್ನೂ ನೋಡಿದ್ದೇನೆ.

ಈ ಹಬ್ಬವನ್ನು ನಲವತ್ತೆರಡು ವರ್ಷ ಮಾಡಿದ್ದೇನೆ. ಒಬ್ಬರನ್ನೂ ಕರೆದಿಲ್ಲ. ನನ್ನ ಅತ್ತೆಯೂ ಕರೆದಿರಲಿಲ್ಲ, ಅವರ ಅತ್ತೆಯೂ ಕರೆದಿರಲಿಲ್ಲ. ಯುದ್ಧದ ಕಾಲದಲ್ಲಿ ಮೇಜಿನ ಮೇಲೆ ಬರೀ ಜೋಳದ ರೊಟ್ಟಿ ಇದ್ದಾಗಲೂ ಕರೆಯದೆಯೇ ಜನ ಬಂದಿದ್ದಾರೆ. ಕರೆದು ಬರಿಸಿಕೊಂಡ ಮನೆ ಎಂದು ನಾಳೆ ರದೊಯ್ಕಾ ಊರೆಲ್ಲ ಆಡಿಕೊಂಡರೆ ಆಡಿಕೊಳ್ಳಲಿ. ಗೊರ್ದಾನಾ, ನಾನು ಕರೆಯುತ್ತಿದ್ದೇನೆ. ಹತ್ತೊಂಬತ್ತಕ್ಕೆ ಮಕ್ಕಳನ್ನು ಕರೆದುಕೊಂಡು ಬಾ.

ಮೇಜಿನ ಮೇಲೆ ಸೀಸೆ ಇರುವುದಿಲ್ಲ. ಇದ್ದದ್ದನ್ನೆಲ್ಲ ಕಟ್ಟಡದ ಹಿಂದಿನ ಚರಂಡಿಗೆ ಸುರಿದೆ. ಬೆಳಿಗ್ಗೆ ಹೊರಡು, ಬೆಳಕಿರುವಾಗ ಬಾ. ಈ ರಸ್ತೆಗೆ ತಿರುವುಗಳಿವೆ, ಅವನ್ನು ನೇರ ಮಾಡಲು ನನ್ನಿಂದಾಗುವುದಿಲ್ಲ. ನಿಧಾನಕ್ಕೆ ಓಡಿಸು. ಮೂವರಿಗೂ ಹಾಸಿಗೆ ಹಾಕಿರುತ್ತೇನೆ, ಅವತ್ತೇ ಹೊರಡುವ ಮಾತು ಆಡುವಂತಿಲ್ಲ. ಉರೋಷನಿಗೆ ಮೀನಿನ ಮುಳ್ಳು ತೆಗೆದಿಡುತ್ತೇನೆ.

ಬಂದಾಗ ಬಾಗಿಲು ತಟ್ಟಬೇಡಿ. ನೀವು ಮೆಟ್ಟಿಲು ಹತ್ತುವುದು ಕಾಣಲೆಂದು ಬೆಳಿಗ್ಗೆಯಿಂದಲೇ ಬಾಗಿಲನ್ನೂ ಬೀದಿ ಕಡೆಯ ಕಿಟಕಿಯನ್ನೂ ತೆರೆದಿಟ್ಟಿರುತ್ತೇನೆ. ಅಡ್ಡಗಾಳಿ ಬಂದರೆ ಬರಲಿ.

ನಿನ್ನ ಅತ್ತೆ,
ಮಿಲುಂಕಾ